ನಲವತ್ತನೇ ನಂಬರಿನ ಅಂಗಿ

ಆಗಸ್ಟ್ 16, ಮಂಗಳವಾರ

ಕಾಲೇಜಿನ ಹುಡುಗಿಯರ ಸಾಕರ್ ತಂಡದ ಈ ವರ್ಷದ ಮೊದಲ ತಾಲೀಮು ಇವತ್ತು. ಬೆಳಿಗ್ಗೆ ಆರಕ್ಕೇ ಹೋಗಿ ಮೈದಾನಕ್ಕೆ ಬಿಳಿ ಗೆರೆ ಎಳೆದೆ. ಹತ್ತೊಂಬತ್ತು ವರ್ಷದಿಂದ ಎಳೆಯುತ್ತಿದ್ದೇನೆ, ಕಣ್ಣು ಮುಚ್ಚಿ ನಡೆದರೂ ಮೂಲೆ ತಪ್ಪುವುದಿಲ್ಲ. ಎಂಟಕ್ಕೆ ಹುಡುಗಿಯರು ಬಂದರು. ಅವರ ಹಿಂದೆಯೇ ಮೊಯಿರಾ ಗ್ರೇಡಿ ಬಂದಳು, ಕೊರಳಲ್ಲಿ ಹೊಸ ಸೀಟಿ.

"ಕೋಚ್!" ಎಂದು ಯಾರೋ ಕೂಗಿದರು. ನಾನು ತಿರುಗಿದೆ. ಕರೆದದ್ದು ನನ್ನನ್ನಲ್ಲ.

ಒಂದು ತಂಡದಲ್ಲಿ ಬರಿಯ 'ಕೋಚ್' ಅನ್ನಿಸಿಕೊಳ್ಳುವವರು ಒಬ್ಬರೇ. ಮಿಕ್ಕವರಿಗೆ ಹೆಸರಿನ ಬಾಲ ಕಟ್ಟುತ್ತಾರೆ. ನಾನು ಸಹಾಯಕಿ, 'ಕೋಚ್ ಲೂ'. ಮುದುಕ ವರ್ನನ್ ಮುಖ್ಯ ಕೋಚ್ ಆಗಿದ್ದಾಗ ಅದು ಚುಚ್ಚಿರಲಿಲ್ಲ. ಅದು ಅವನ ಸರದಿ, ಅವನಾದ ಮೇಲೆ ನನ್ನದು ಅಂದುಕೊಂಡಿದ್ದೆ. ಮೇ ತಿಂಗಳಲ್ಲಿ ಅವನು ನಿವೃತ್ತನಾದ. ಕಾಲೇಜಿನವರು ಆ ಕೆಲಸದ ಸಂದರ್ಶನಕ್ಕೆ ನನ್ನನ್ನು ಇಪ್ಪತ್ತು ನಿಮಿಷ ಕೂರಿಸಿ, ಕಾಫಿ ಕೊಟ್ಟು, ಕೈ ಕುಲುಕಿ ಕಳಿಸಿದರು. ಮೊಯಿರಾಳನ್ನು ಊಟಕ್ಕೆ ಕರೆದುಕೊಂಡು ಹೋದರು. ಆವತ್ತೇ ಗೊತ್ತಾಗಬೇಕಿತ್ತು. ಬರೀ ಕಾಫಿ ಕೊಟ್ಟವರು ಕೆಲಸ ಕೊಡುವುದಿಲ್ಲ.

ಅವಳಿಗೆ ಮೂವತ್ತಮೂರು, ನನಗೆ ಐವತ್ತಾರು. ಅವಳು ಹದಿನಾರರವಳಿದ್ದಾಗ ಮುಚ್ಚಿದ ಬಟ್ಟೆ ಗಿರಣಿಯ ಕಲ್ಲುಗೋಡೆಗೆ ಚೆಂಡು ಒದೆಯುತ್ತಾ ನಿಂತಿದ್ದಳು. ನೋಡಿ, ಗುರುತಿಸಿ, ಈ ಕಾಲೇಜಿಗೆ ಕರೆತಂದವಳು ನಾನು. ಅವಳ ಎಡಗಾಲಿಗೆ ಒದೆಯಲು ಕಲಿಸಿದವಳೂ ನಾನೇ.

ಸಂಜೆ ಅಣ್ಣನ ಬೇಕರಿಗೆ ಹೋದೆ. ಜಿಲ್ಬರ್ಟೊ ಅಣ್ಣ ಹಿಟ್ಟು ನಾದುತ್ತಲೇ ಅಂದ: "ಏಣಿ ಹಿಡಿದವಳು ನೀನು, ಹಣ್ಣು ಕಿತ್ತವಳು ಅವಳು. ಈಗ ಕೆಳಗೆ ನಿಂತು ಸಿಪ್ಪೆ ಹಿಡ್ಕೋ."

"ಬಾಯಿ ಮುಚ್ಕೊಂಡು ಬ್ರೆಡ್ ಕೊಡೋ," ಅಂದೆ.

ಆಗಸ್ಟ್ 17, ಬುಧವಾರ

ನನ್ನ ಹತ್ತಿರ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇದೆ. ಅದರಲ್ಲಿ ಆಟಗಾರ್ತಿಗೊಂದರಂತೆ ರಟ್ಟಿನ ಚೀಟಿ: ಯಾರಿಗೆ ಯಾವ ಕಾಲು ನೋವು, ಯಾರಿಗೆ ಎಷ್ಟು ಹಳದಿ ಕಾರ್ಡ್ ಬಿದ್ದಿದೆ, ಎಲ್ಲ. ಒಂದು ಋತುವಿನಲ್ಲಿ ಐದು ಹಳದಿ ಬಿದ್ದವಳು ಮುಂದಿನ ಪಂದ್ಯಕ್ಕೆ ಹೊರಗೆ. ವರ್ನನ್ ಯಾರನ್ನು ಆಡಿಸುವ ಮುಂಚೆಯೂ "ಲೂ, ಡಬ್ಬಿ ಏನನ್ನತ್ತೆ?" ಅಂತ ಕೇಳುತ್ತಿದ್ದ.

ಮೊಯಿರಾ ನಕ್ಕಳು. "ಕೋಚ್ ಲೂ, ಡಬ್ಬಿಗೆ ಸ್ವಲ್ಪ ವಿಶ್ರಾಂತಿ ಕೊಡಿ. ಈಗ ಎಲ್ಲಾ ಕಂಪ್ಯೂಟರಲ್ಲೇ ಬರತ್ತೆ."

ಹೊಲದ ಬೆದರುಬೊಂಬೆಗೂ ಇಷ್ಟು ಮರ್ಯಾದೆಯಿಂದ ರಜೆ ಕೊಟ್ಟಿರಲಾರರು. ನಾನು ಡಬ್ಬಿ ಬಿಟ್ಟಿಲ್ಲ. ಮನೆಯಲ್ಲಿಟ್ಟು ಬರೆಯುತ್ತೇನೆ.

ಸೆಪ್ಟೆಂಬರ್ 17, ಶನಿವಾರ

ಐದು ಪಂದ್ಯ, ಐದು ಗೆಲುವು. ಮೊಯಿರಾ ಹಿಂದೆ ಮೂವರನ್ನೇ ನಿಲ್ಲಿಸಿ ನಡುವೆ ಐವರನ್ನು ತುಂಬಿಸಿದ್ದಾಳೆ. ಹುಡುಗಿಯರು ಜೇನುಹುಳುಗಳ ಹಾಗೆ ಮುತ್ತುತ್ತಾರೆ. ನಾನೂ ಅದನ್ನೇ ಯೋಚಿಸಿದ್ದೆ.

ಸುಳ್ಳು. ಯೋಚಿಸಿರಲಿಲ್ಲ.

ಪತ್ರಿಕೆಯಲ್ಲಿ ಅವಳ ಚಿತ್ರ ಬಂದಿದೆ. ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ನನ್ನದು. ಅಣ್ಣ ಚಿತ್ರ ಕತ್ತರಿಸಿ ಮೊಣಕೈಯಷ್ಟನ್ನೇ ಬೇಕರಿಯ ಗೋಡೆಗೆ ಅಂಟಿಸಿ, ಕೆಳಗೆ 'ನನ್ನ ತಂಗಿ' ಎಂದು ಬರೆದಿದ್ದಾನೆ. ಗಿರಾಕಿಗಳೆಲ್ಲ ನಗುತ್ತಾರೆ. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲು ತಿಕ್ಕಿದೆ, ಬೆರಳು ಸುಲಿಯುವ ತನಕ.

ಸೆಪ್ಟೆಂಬರ್ 24, ಶನಿವಾರ

ಇವತ್ತು ಬರೆಯಲು ಖುಷಿ. ಖುಷಿಪಡಬಾರದು. ಪಡುತ್ತಿದ್ದೇನೆ.

ನಮ್ಮವಳೊಬ್ಬಳನ್ನು ಗೋಲಿನ ಮುಂದೆಯೇ ಕೆಡವಿದರು, ರೆಫರಿ ಸೀಟಿ ಊದಲಿಲ್ಲ. ಮೊಯಿರಾ ಗೆರೆ ದಾಟಿ ಹೋಗಿ ಅಂದಳು: "ಕನ್ನಡಕ ಮಾತ್ರ ಮನೇಲಿ ಬಿಟ್ಟು ಬಂದ್ರಾ, ಇಲ್ಲಾ ಕಣ್ಣನ್ನೂ ಅಲ್ಲೇ ಬಿಟ್ಟು ಬಂದ್ರಾ?" ಆ ಮನುಷ್ಯ ಜೇಬಿನಿಂದ ಕೆಂಪು ಕಾರ್ಡ್ ತೆಗೆದ. ಕೋಚಿಗೆ ಕೆಂಪು ಬಿದ್ದರೆ ಮುಂದಿನ ಪಂದ್ಯದಲ್ಲಿ ಬೇಲಿಯೊಳಗೆ ಕಾಲಿಡುವಂತಿಲ್ಲ, ತಂಡದ ಜೊತೆ ಮಾತಿಲ್ಲ, ಸನ್ನೆಯೂ ಇಲ್ಲ.

ಬುಧವಾರದ ಪಂದ್ಯ ನನ್ನದು.

ಸೆಪ್ಟೆಂಬರ್ 28, ಬುಧವಾರ

ಗೆದ್ದೆ. ಗೆದ್ದೆವು. ಎರಡು ಒಂದು.

ಎಲ್ಲವನ್ನೂ ಬರೆದಿಡಬೇಕು. ಮೈದಾನದಾಚೆ ಸ್ಮಶಾನದ ದಿಬ್ಬದ ಮೇಲೆ ಮೊಯಿರಾಳ ಕೆಂಪು ಟ್ರಕ್ಕು ನಿಂತಿತ್ತು. ಅಷ್ಟು ದೂರದಿಂದ ಅವಳು ನೋಡಬಹುದು, ಅಷ್ಟೆ. ನಾನು ಗೆರೆಯ ಬಳಿ ನಿಂತೆ. ಹತ್ತೊಂಬತ್ತು ವರ್ಷ ಅದೇ ಗೆರೆಯಿಂದ ಎರಡು ಹೆಜ್ಜೆ ಹಿಂದೆ ನಿಂತವಳು. ಎರಡೇ ಹೆಜ್ಜೆ ಮುಂದೆ ಬಂದರೆ ಮೈದಾನ ಬೇರೆಯೇ ಕಾಣುತ್ತದೆ.

ಮೊದಲರ್ಧ ಮುಗಿಯುತ್ತಿದ್ದಾಗ ನೆಲಿಯಾ ಪಿರೆಸ್‌ಳ ಮೂಗಿಗೆ ಎದುರಾಳಿಯ ಮೊಣಕೈ ಬಡಿಯಿತು. ಹದಿನಾಲ್ಕನೇ ನಂಬರಿನ ಈ ಹುಡುಗಿಯೇ ನಮ್ಮ ನಡುಮೈದಾನದ ಬೆನ್ನೆಲುಬು. ಅಂಗಿಯೆಲ್ಲ ರಕ್ತ. ರಕ್ತದ ಕಲೆಯಿರುವ ಅಂಗಿಯಲ್ಲಿ ಆಡಬಿಡುವುದಿಲ್ಲ. ಅದಕ್ಕೆಂದೇ ಎಲ್ಲ ತಂಡಗಳ ಚೀಲದಲ್ಲೂ ಯಾರ ಹೆಸರೂ ಇಲ್ಲದ ಒಂದು ಅಂಗಿ ಇರುತ್ತದೆ. ನಮ್ಮದರ ನಂಬರು ನಲವತ್ತು. ಮೂಗಿಗೆ ಹತ್ತಿ ತುರುಕಿ ಅದನ್ನು ತೊಡಿಸಿದೆ. "ನಡಿ, ಹೋಗು!" ಅಂದೆ. ಹೋದಳು, ಹೋದವಳೇ ಒಬ್ಬಳಿಗೆ ಅಡ್ಡಗಾಲು ಕೊಟ್ಟು ಹಳದಿ ಕಾರ್ಡ್ ತಂದಳು. ಇರಲಿ. ಎರಡನೇ ಗೋಲಿಗೆ ಚೆಂಡು ಒದಗಿಸಿದವಳೂ ಅವಳೇ.

ಗಡಿಯಾರದಲ್ಲಿ ಕೊನೆಯ ಹತ್ತು ಸೆಕೆಂಡು ಇಳಿಯತೊಡಗಿದಾಗ ಬೆಂಚಿನ ಹುಡುಗಿಯರೆಲ್ಲ ಒಟ್ಟಿಗೆ ಕೂಗುತ್ತಿದ್ದರು: ಒಂಬತ್ತು, ಎಂಟು, ಏಳು. ಮುಗಿದಾಗ ನೆಲಿಯಾ ಓಡಿಬಂದು ನನ್ನ ಕೊರಳಿಗೆ ಬಿದ್ದು "ಕೋಚ್! ಕೋಚ್!" ಅಂದಳು. ಬರೀ ಕೋಚ್. ಬಾಲವಿಲ್ಲದೆ.

ಆಮೇಲೆ ಪಂದ್ಯದ ಲೆಕ್ಕ ಬರೆಯುವ ಹುಡುಗನ ಮೇಜಿನ ಹತ್ತಿರ ಹೋದೆ. ಪಂದ್ಯದ ಹಾಳೆಯನ್ನು ಕೋಚ್ ಓದಿ ಸಹಿ ಮಾಡಬೇಕು. ಮೇಲೆಯೇ ಅಚ್ಚಾಗಿತ್ತು: ಮುಖ್ಯ ಕೋಚ್, ಮೊಯಿರಾ ಗ್ರೇಡಿ.

"ಇವತ್ತು ನಾನಿದ್ದೆನಲ್ಲಪ್ಪಾ," ಅಂದೆ.

"ಗೊತ್ತು ಮೇಡಂ. ಆದ್ರೆ ಗೆಲುವು ಮುಖ್ಯ ಕೋಚ್ ಹೆಸರಿಗೇ ಹೋಗೋದು. ಅವರು ಎಲ್ಲೇ ಕೂತಿರ್ಲಿ."

ಕಣ್ಣು ಮಂಜಾಯಿತು. ಉಳಿದ ಸಾಲುಗಳನ್ನು ಓದದೆ ಸಹಿ ಗೀಚಿ ಬಂದೆ.

ಮೊಯಿರಾ ದಿಬ್ಬದಿಂದ ಓಡುತ್ತಾ ಇಳಿದು ಬಂದಳು. "ಎರಡು ಗಂಟೆ ಸ್ಟೇರಿಂಗ್ ಕಚ್ಕೊಂಡು ಕೂತಿದ್ದೆ! ಅಲ್ಲಿಂದ ಎಲ್ಲರೂ ಇರುವೆ ಥರ ಕಾಣ್ತಾರೆ, ನಂಬರೂ ಗೊತ್ತಾಗಲ್ಲ. ನೀವು ಮಾತ್ರ ಗೊತ್ತಾಗ್ತಿದ್ರಿ, ಕೈ ಬೀಸೋದು ನೋಡಿ." ತಬ್ಬಿಕೊಂಡಳು. ಗೆಲುವನ್ನು ಜೇಬಿಗೆ ಹಾಕಿಕೊಂಡವಳು ತಬ್ಬಿದರೆ ಹೇಗಿರುತ್ತದೆ ಅಂತ ಈಗ ಗೊತ್ತಾಯಿತು.

ಅಕ್ಟೋಬರ್ 1, ಶನಿವಾರ

ಡಬ್ಬಿ ತೆಗೆದು ಚೀಟಿಗಳನ್ನು ಬರೆದೆ. ನೆಲಿಯಾಳ ಚೀಟಿಯಲ್ಲಿ ಮೂರು ಹಳದಿ. ಕಂಪ್ಯೂಟರಿನಲ್ಲಿ ನೋಡಿದೆ. ಅಲ್ಲಿ ಎರಡು. ಮೂರನೆಯದು ಎಲ್ಲಿ ಹೋಯಿತು ಅಂತ ಹುಡುಕಿದರೆ, ಬುಧವಾರದ ಹಾಳೆಯಲ್ಲಿ ಒಂದು ಸಾಲು: ನಂಬರು ನಲವತ್ತು, ಹೆಸರು ಖಾಲಿ, ಹಳದಿ ಒಂದು.

ಅಂಗಿ ಬದಲಾದ ಕೂಡಲೇ ಕೋಚ್ ಆದವಳು ಮೇಜಿನವರಿಗೆ 'ಹದಿನಾಲ್ಕು ಈಗ ನಲವತ್ತು' ಎಂದು ಹೇಳಬೇಕು. ನಾನು ಹೇಳಿರಲಿಲ್ಲ. ಗೆರೆಯ ಬಳಿ ನಿಲ್ಲುವ ಆನಂದದಲ್ಲಿ ಮರೆತಿದ್ದೆ. ಹಾಳೆ ಓದಿದ್ದರೂ ಸಿಗುತ್ತಿತ್ತು. ಓದಲಿಲ್ಲ.

ಒಂದೇ ಒಂದು ದಿನ ಕೋಚ್ ಆಗಿ, ಆ ಒಂದು ದಿನ ಮಾಡಿದ ತಪ್ಪನ್ನು ಈಗ ಅವಳ ಮುಂದೆ ಹೋಗಿ ಒಪ್ಪಿಕೊಳ್ಳಬೇಕು. ಸೋಮವಾರ ಹೇಳುತ್ತೇನೆ.

ಅಕ್ಟೋಬರ್ 12, ಬುಧವಾರ

ಹೇಳಿಲ್ಲ. ನೆಲಿಯಾಳಿಗೆ ಇನ್ನೊಂದು ಹಳದಿ. ನನ್ನ ಡಬ್ಬಿಯಲ್ಲಿ ನಾಲ್ಕು, ಮೊಯಿರಾಳ ಕಂಪ್ಯೂಟರಿನಲ್ಲಿ ಮೂರು.

ಅಕ್ಟೋಬರ್ 20, ಗುರುವಾರ

ಕ್ರೀಡಾ ವಿಭಾಗದ ದೊಡ್ಡವರು, ವಿಟ್‌ಕಂಬ್ ಸಾಹೇಬರು, ಕಾರು ನಿಲ್ಲಿಸುವ ಜಾಗದಲ್ಲಿ ನನ್ನನ್ನು ತಡೆದರು.

"ಲೂಸಿಂಡಾ, ನಮ್ಮಲ್ಲೇ ಇರ್ಲಿ. ಆ ಕೆಂಪು ಕಾರ್ಡ್ ವಿಷಯ ಮೇಲಿನವರಿಗೆ ಹಿಡಿಸಿಲ್ಲ. ಮೊಯಿರಾಗೆ ಇದು ಪರೀಕ್ಷೆ ವರ್ಷ. ಇನ್ನೊಂದು ಎಡವಟ್ಟಾದ್ರೆ ನಾವು ಬೇರೆ ಯೋಚನೆ ಮಾಡ್ಬೇಕಾಗತ್ತೆ. ನೀವಂತೂ ಇದ್ದೀರಲ್ಲ."

ನೀವಂತೂ ಇದ್ದೀರಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಮಾತನ್ನು ಬೆಲ್ಲದ ಚೂರಿನ ಹಾಗೆ ಚೀಪುತ್ತಾ ಬಂದೆ. ಕೇಲ್ ಸೊಪ್ಪಿನ ಸಾರು ಮಾಡಿಕೊಂಡು ಎರಡು ಬಟ್ಟಲು ಕುಡಿದೆ. ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಅಕ್ಟೋಬರ್ 29, ಶನಿವಾರ

ಲೀಗಿನ ಕೊನೆಯ ಪಂದ್ಯ ಗೆದ್ದೆವು. ಬುಧವಾರ ಸೆಮಿಫೈನಲ್, ನಮ್ಮದೇ ಮೈದಾನದಲ್ಲಿ. ಏಳು ವರ್ಷದ ಮೇಲೆ ಇಲ್ಲಿಯವರೆಗೆ ಬಂದಿದ್ದೇವೆ.

ಕೊನೆಯ ನಿಮಿಷದಲ್ಲಿ ನೆಲಿಯಾಳಿಗೆ ಹಳದಿ. ಡಬ್ಬಿಯಲ್ಲಿ ಐದು. ಕಂಪ್ಯೂಟರಿನಲ್ಲಿ ನಾಲ್ಕು.

ಬಾಯಿ ಬಿಟ್ಟರೆ ಬುಧವಾರ ನೆಲಿಯಾ ಹೊರಗೆ, ಮತ್ತು ಎಲ್ಲರಿಗೂ ಗೊತ್ತಾಗುವುದು ಲೂಸಿಂಡಾಳ ಮರೆವು. ಸುಮ್ಮನಿದ್ದರೆ ಮೊಯಿರಾ ಅವಳನ್ನು ಆಡಿಸುತ್ತಾಳೆ. ಎಲ್ಲ ಪಂದ್ಯಗಳದ್ದೂ ವಿಡಿಯೋ ಇದೆ, ಎದುರಾಳಿಗಳು ಕೂತು ನೋಡುತ್ತಾರೆ. ಅವರ ಕಣ್ಣಿಗೆ ಬೀಳದಿದ್ದರೂ, ಯಾರಾದರೂ ಲೀಗಿನವರಿಗೆ ಒಂದು ಫೋನು ಮಾಡಿದರೆ ಸಾಕು. ಆಡಬಾರದವಳನ್ನು ಆಡಿಸಿದ ಕೋಚಿನ ತಲೆದಂಡ. ಅದು ಇನ್ನೊಂದು ಎಡವಟ್ಟು.

ನಾನೇನೂ ಮಾಡಬೇಕಾಗಿಲ್ಲ. ಅದೇ ಇದರ ಸೊಗಸು.

ಅಕ್ಟೋಬರ್ 31, ಸೋಮವಾರ

ತಾಲೀಮು ಮುಗಿದ ಮೇಲೆ ನೆಲಿಯಾ ಚೆಂಡಿನ ಚೀಲ ಹೊತ್ತುಕೊಂಡು ನನ್ನ ಜೊತೆ ಬಂದಳು.

"ಕೋಚ್ ಲೂ, ಒಂದು ಮಾತು. ನಂದು ಐದಾಯ್ತಲ್ವಾ? ಆವತ್ತು ಆ ನಲವತ್ತರ ಅಂಗೀಲಿದ್ದಾಗ ಒಂದು ಬಿತ್ತಲ್ಲ, ಅದೂ ಸೇರತ್ತಾ?"

ನಾನು ಬೂಟಿನ ದಾರ ಕಟ್ಟಲು ಬಗ್ಗಿದೆ. ದಾರ ಬಿಚ್ಚಿರಲಿಲ್ಲ.

"ಕಂಪ್ಯೂಟರಲ್ಲಿ ನಾಲ್ಕೇ ಇದೆ," ಅಂದೆ.

"ಅಬ್ಬಾ! ಎರಡು ದಿನದಿಂದ ಊಟ ಸೇರ್ತಿರ್ಲಿಲ್ಲ. ಅಪ್ಪ ದೋಣಿಯವರಿಗೆ ಹೇಳಿ ಈ ಸಲದ ಮೀನು ಬೇಟೆ ತಪ್ಪಿಸಿಕೊಂಡು ಬರ್ತಿದಾರೆ, ನಾಲ್ಕು ವರ್ಷದಲ್ಲಿ ಮೊದಲನೇ ಸಲ. ಮೊಯಿರಾ ಕೋಚ್‌ನ ಕೇಳೋಣ ಅಂದ್ಕೊಂಡೆ. ಬೇಡ, ನೀವು ಹೇಳಿದ್ಮೇಲೆ ಆಯ್ತು."

ನೀವು ಹೇಳಿದ್ಮೇಲೆ ಆಯ್ತು.

ನವೆಂಬರ್ 1, ಮಂಗಳವಾರ

ನಲವತ್ತರ ಅಂಗಿ ಒಂದು ತಿಂಗಳಿಂದ ನನ್ನ ಕಾರಿನ ಡಿಕ್ಕಿಯಲ್ಲೇ ಬಿದ್ದಿತ್ತು. ಬೆಳಿಗ್ಗೆ ಬೇಕರಿಯ ಹಿಂದಿನ ತೊಟ್ಟಿಯಲ್ಲಿ ತೊಳೆಯಲು ಹೋದೆ. ಪಂದ್ಯ ಮುಗಿದು ಹತ್ತಿ ತೆಗೆದಾಗ ನೆಲಿಯಾಳ ಮೂಗಿನಿಂದ ಬಿದ್ದ ನಾಲ್ಕು ಹನಿ ಕಂದಾಗಿ ಕೂತಿದ್ದವು, ಏನು ಉಜ್ಜಿದರೂ ಹೋಗಲಿಲ್ಲ.

"ಇದೇನೇ, ಯಾರನ್ನ ಕೊಂದೆ?" ಅಂದ ಅಣ್ಣ.

ಎಲ್ಲ ಹೇಳಿದೆ. ಅಂಗಿ, ಐದನೇ ಹಳದಿ, ವಿಟ್‌ಕಂಬ್ ಅಂದದ್ದು. ಅವನು ಕೈಯ ಹಿಟ್ಟು ಒರೆಸಿಕೊಂಡು ಹತ್ತಿರ ಬಂದ.

"ಬಾಯಿ ಬಿಡಬೇಡ. ಎರಡು ದಿನ ತೆಪ್ಪಗಿರು, ಅವಳು ತಾನಾಗೇ ಬೀಳ್ತಾಳೆ. ಫೋನ್ ಬೇಕಾದ್ರೆ ನಾನೇ ಮಾಡ್ತೀನಿ, ನಿನ್ನ ಹೆಸರು ಬರಲ್ಲ. ಕುರ್ಚಿ ನಿಂದೇ ಕಣೇ."

ಅವನು ನನ್ನ ಮೇಲಿನ ಪ್ರೀತಿಗೇ ಹೇಳಿದ್ದು. ನಾನು ಇಷ್ಟು ದಿನ ಯೋಚಿಸಿದ್ದೂ ಅದನ್ನೇ, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಆದರೆ ಅವನ ಬಾಯಲ್ಲಿ ಕೇಳಿದಾಗ ಅದು ಯಾರೋ ಕಳ್ಳರ ಮಾತಿನ ಹಾಗಿತ್ತು. ಅಂಗಿ ಹಿಂಡಿಕೊಂಡು ಕಾಲೇಜಿಗೆ ಹೊರಟೆ.

ಮೊಯಿರಾ ಕೋಣೆಯಲ್ಲಿ ಬಿಳಿ ಹಲಗೆಯ ಮೇಲೆ ನಾಳೆಯ ತಂಡ ಬರೆಯುತ್ತಿದ್ದಳು. ನಡುವೆ ದೊಡ್ಡದಾಗಿ ಹದಿನಾಲ್ಕು.

ಒದ್ದೆ ಅಂಗಿಯನ್ನು ಮೇಜಿನ ಮೇಲಿಟ್ಟು ಹೇಳಿದೆ. ಅವಳು ಅಂಗೈಯಿಂದಲೇ ಹದಿನಾಲ್ಕನ್ನು ಒರೆಸಿದಳು.

"ಯಾವಾಗಿಂದ ಗೊತ್ತು ನಿಮಗೆ?"

"ಒಂದು ತಿಂಗಳಾಯ್ತು."

"ಯಾಕೆ ಹೇಳ್ಲಿಲ್ಲ?"

"ಯಾಕೆ ಅಂತ ನಿನಗೆ ಗೊತ್ತಿಲ್ವಾ?"

ಕಿಟಕಿಯಾಚೆ ನೋಡಿದಳು. "ಗೊತ್ತು," ಅಂದಳು. ಫೋನು ಎತ್ತಿಕೊಂಡಳು. "ಲೀಗಿನವರಿಗೆ ನಾನೇ ಹೇಳ್ತೀನಿ. ನನ್ನ ತಂಡ, ನನ್ನ ತಪ್ಪು. ನನ್ನ ಹೆಸರಲ್ಲೇ ಹೋಗ್ಲಿ."

ನನಗೆ ಎಲ್ಲಿತ್ತೋ ಆ ಸಿಟ್ಟು. ಫೋನು ಕಸಿದುಕೊಂಡೆ.

"ಆವತ್ತು ನೀನು ಟ್ರಕ್ಕಲ್ಲಿ ಕೂತಿದ್ದೆ ಕಣೇ! ಗೆಲುವು ನಿನ್ನ ಹೆಸರಿಗೆ ಹೋಯ್ತು, ಹೋಗ್ಲಿ. ತಪ್ಪು ನಂದು. ನಾನೊಬ್ಬಳೇ ಮಾಡಿದ್ದು. ಅದನ್ನೂ ಕಿತ್ಕೋತೀಯಾ?"

ಅವಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. "ನಾಳೆ ನಿಮ್ಮನ್ನ ಬೇಲಿ ಹೊರಗೆ ಕೂರಿಸ್ತಾರೆ," ಅಂದಳು.

"ಕೂರಿಸ್ಲಿ."

"ನನ್ನ ಜಾಗ ಖಾಲಿ ಇದೆ. ಸ್ಮಶಾನದ ಪಕ್ಕ. ಗಾಳಿ ಚೆನ್ನಾಗಿ ಬರತ್ತೆ." ಹೇಳಿ ಅವಳೇ ನಕ್ಕಳು. ನನಗೆ ನಗು ಬರಲಿಲ್ಲ, ಆದರೂ ಬಾಯಿಯ ಒಂದು ತುದಿ ಮೇಲೆ ಹೋಯಿತು.

ಲೀಗಿನವರಿಗೆ ನಾನೇ ಫೋನು ಮಾಡಿ ಹೇಳಿದೆ, ಮಧ್ಯಾಹ್ನ ಅಲ್ಲಿಂದ ತಿದ್ದುಪಡಿ ಪತ್ರ ಬಂತು. ಈ ಸಲ ಒಂದೊಂದು ಸಾಲನ್ನೂ ಓದಿದೆ. ಸೆಪ್ಟೆಂಬರ್ 28ರ ಪಂದ್ಯ. ಆ ದಿನದ ಮುಖ್ಯ ಕೋಚ್: ಲೂಸಿಂಡಾ ಫುರ್ಟಾಡೊ. ಅದರ ಕೆಳಗೆ ತಪ್ಪು, ಶಿಕ್ಷೆ. ನನ್ನ ಹೆಸರಿನ ಸಾಲನ್ನು ಇನ್ನೆರಡು ಸಲ ಓದಿದೆ. ಪ್ರತಿ ಒಂದು ಕೇಳಿ ಇಸಿದುಕೊಂಡೆ.

ನೆಲಿಯಾಳಿಗೆ ಹೇಳುವುದೇ ಕಷ್ಟವಾಯಿತು.

"ನೀವೇ ನಾಲ್ಕು ಅಂದ್ರಲ್ಲ," ಅಂದಳು.

"ಅಂದೆ. ಐದು ಅಂತ ಗೊತ್ತಿದ್ದೇ ಅಂದೆ."

ಅವಳು ಕೋಚ್ ಲೂ ಅನ್ನಲಿಲ್ಲ. ಚೀಲ ಎತ್ತಿಕೊಂಡು ಹೋದಳು.

ನವೆಂಬರ್ 2, ಬುಧವಾರ

ಸೋತೆವು. ಎರಡು ಹೆಚ್ಚುವರಿ ಅವಧಿ ಮುಗಿದರೂ ಗೋಲಿಲ್ಲ, ಕೊನೆಗೆ ಪೆನಾಲ್ಟಿಯಲ್ಲಿ.

ಮೊಯಿರಾ ಬೆಳಿಗ್ಗೆ ಟ್ರಕ್ಕಿನ ಕೀಲಿ ನನ್ನ ಕೈಗೆ ಕೊಟ್ಟು, "ಹೀಟರ್ ಕೆಟ್ಟಿದೆ, ಕಂಬಳಿ ಹಿಂದಿನ ಸೀಟಲ್ಲಿದೆ" ಅಂದಿದ್ದಳು. ದಿಬ್ಬದ ಮೇಲೆ ಕಂಬಳಿ ಹೊದ್ದು ಕೂತೆ. ಅವಳು ಹೇಳಿದ್ದು ನಿಜ, ಅಲ್ಲಿಂದ ಎಲ್ಲರೂ ಇರುವೆಗಳೇ.

ಹತ್ತು ನಿಮಿಷವಾಗಿರಬಹುದು, ಪಕ್ಕದ ಬಾಗಿಲು ತೆರೆಯಿತು. ನೆಲಿಯಾ. ಅವಳೂ ಬೆಂಚಿನಲ್ಲಿ ಕೂರುವಂತಿಲ್ಲ. ಹತ್ತಿ ಕೂತಳು. ನನ್ನ ತೊಡೆಯ ಮೇಲೆ ಅಣ್ಣ ಕಟ್ಟಿಕೊಟ್ಟ ಸಿಹಿ ಬ್ರೆಡ್ಡಿತ್ತು. ಅರ್ಧ ಮುರಿದು ಕೊಟ್ಟೆ. ಮೊದಲು ತೆಗೆದುಕೊಳ್ಳಲಿಲ್ಲ. ಎರಡನೇ ಅರ್ಧದಲ್ಲಿ ತೆಗೆದುಕೊಂಡಳು.

"ಅಪ್ಪ ಬಂದಿದಾರಾ?"

"ಅಲ್ಲಿ, ನೀಲಿ ಟೋಪಿ. ಇಲ್ಲಿಗೇ ಬನ್ನಿ ಅಂದೆ. ಇಷ್ಟು ದೂರ ಬಂದಿದ್ದು ಸಾಕರ್ ನೋಡೋಕೆ, ನಿನ್ನ ಮುಖ ಮನೇಲೂ ನೋಡ್ಬಹುದು ಅಂದ್ರು."

ಆಮೇಲೆ ಇಬ್ಬರೂ ಸ್ವಲ್ಪ ನಕ್ಕೆವು.

ನೆಲಿಯಾಳ ಜಾಗದಲ್ಲಿ ಮೊಯಿರಾ ಎರಡನೇ ವರ್ಷದ ಹುಡುಗಿಯೊಬ್ಬಳನ್ನು ಇಳಿಸಿದ್ದಳು. ಎದುರಾಳಿಗಳು ಎಡಗಡೆಯಿಂದಲೇ ನುಗ್ಗುತ್ತಿದ್ದರು. ನಾನು ಗಾಜಿನೊಳಗೇ ಕೂತು, "ಎಡಕ್ಕೆ! ಒಬ್ಬಳನ್ನ ಎಡಕ್ಕೆ ಎಳಿ!" ಎಂದು ಕೂಗಿಬಿಟ್ಟೆ. ಕೆಳಗೆ ಗೆರೆಯ ಬಳಿ ನಿಂತಿದ್ದ ಆ ಪುಟ್ಟ ಆಕಾರ ಆಗಲೇ ಕೈ ಬೀಸಿತ್ತು, ಒಬ್ಬಳು ಎಡಕ್ಕೆ ಓಡುತ್ತಿದ್ದಳು. ನಾನು ಕೂಗುವ ಮುಂಚೆಯೇ.

"ಅವರಿಗೆ ಕೇಳಿಸ್ತಾ?" ಅಂದಳು ನೆಲಿಯಾ.

"ಇಲ್ಲಮ್ಮಾ. ಅವಳಿಗೆ ಕೇಳಿಸ್ಬೇಕಾಗಿಲ್ಲ."

ಕೊನೆಯ ಪೆನಾಲ್ಟಿ ಕಂಬಕ್ಕೆ ಬಡಿದಾಗ ನೆಲಿಯಾ ನನ್ನ ಕಂಬಳಿಯ ತುದಿಯಲ್ಲಿ ಮುಖ ಒರೆಸಿಕೊಂಡಳು. ನಾನೂ ಇನ್ನೊಂದು ತುದಿಯಲ್ಲಿ. ನಾನು ಇಷ್ಟು ದಿನ ಕಾಯುತ್ತಿದ್ದುದು ಮೊಯಿರಾಳ ಸೋಲನ್ನೇ ಅಲ್ಲವೇ. ಬಂತು. ಬಂದಾಗ ಅದನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಮೊಯಿರಾ ದಿಬ್ಬ ಹತ್ತಿ ಬಂದು ಕಿಟಕಿ ತಟ್ಟಿದಳು. ಕಣ್ಣು ಕೆಂಪಗಿದ್ದವು. "ನೀವಾಗಿದ್ರೆ ಏನು ಮಾಡ್ತಿದ್ರಿ?" ಅಂದಳು.

ಹತ್ತು ಉತ್ತರ ನಾಲಿಗೆಯ ತುದಿಗೆ ಬಂದವು, ಎಲ್ಲ ಚುಚ್ಚುವಂಥವೇ.

"ಸೋಲ್ತಿದ್ದೆ," ಅಂದೆ. "ನೀನು ಇನ್ನೂ ಹೊತ್ತು ಎಳೆದೆ. ನಾನಾಗಿದ್ರೆ ಬೇಗ ಸೋಲ್ತಿದ್ದೆ."

ನವೆಂಬರ್ 8, ಮಂಗಳವಾರ

ಗೋಲುಗಳ ಬಲೆ ಬಿಚ್ಚಲು ಶುರು ಮಾಡಿದೆವು. ಮಳೆಗೆ ನೆನೆದು ಭಾರವಾಗಿವೆ. ವಿಟ್‌ಕಂಬ್ ಸಾಹೇಬರು ಬಂದು ಮೊಯಿರಾಳ ಕೈ ಕುಲುಕಿ, ಮುಂದಿನ ವರ್ಷಕ್ಕೂ ನೀವೇ ಅಂದರು. ನನ್ನ ಕಡೆ ನೋಡಿ ತಲೆಯಾಡಿಸಿದರು, ಕಾಫಿ ಕೊಟ್ಟವರ ಹಾಗೆ. ಹೊಟ್ಟೆಯಲ್ಲಿ ಆ ಹಳೆಯ ಕೆಂಡ ಒಂದು ಸಲ ಮಿನುಗಿತು. ಇನ್ನೂ ಇದೆ.

ಬೇಕರಿಗೆ ಹೋದರೆ ಗೋಡೆಯ ಮೇಲೆ ಮೊಣಕೈಯ ಪಕ್ಕ ಇನ್ನೊಂದು ಚೌಕಟ್ಟು. ನನ್ನ ಅಡಿಗೆಮನೆಯ ಮೇಜಿನಿಂದ ಅಣ್ಣ ತಿದ್ದುಪಡಿ ಪತ್ರ ಕದ್ದು ಗಾಜು ಹಾಕಿಸಿದ್ದಾನೆ. ಮುಖ್ಯ ಕೋಚ್: ಲೂಸಿಂಡಾ ಫುರ್ಟಾಡೊ. ಬ್ರೆಡ್ಡಿಗೆ ಬಂದ ಮುದುಕಿಯರೆಲ್ಲ ನನ್ನ ಕೆನ್ನೆ ಹಿಂಡಿ, "ಕೊನೆಗೂ ಕೊಟ್ರಲ್ಲ ಮಗಾ!" ಅಂತ ಹರಸಿದರು. ಕೆಳಗಿನ ಸಾಲುಗಳನ್ನು ಯಾರೂ ಓದುವುದಿಲ್ಲ.

"ತೆಗೆಯೋ ಅದನ್ನ," ಅಂದೆ.

"ನೀನೇ ತೆಗಿ," ಅಂದ.

ತೆಗೆಯಲಿಲ್ಲ. ಇನ್ನೊಂದು ವಾರ ಇರಲಿ.

ಬೇಗ ಮಲಗಬೇಕು. ಇನ್ನೊಂದು ಬದಿಯ ಬಲೆ ಹಾಗೇ ಇದೆ. ಕೋಚ್ ಎಂಟಕ್ಕೆ ಬರಹೇಳಿದ್ದಾಳೆ, ಡಬ್ಬಿ ತರುವುದನ್ನು ಮರೆಯಬೇಡಿ ಅಂತಲೂ ಹೇಳಿದ್ದಾಳೆ.